ಹದಿನೇಳರ ನಟ್ಟು

ಹೂವಣ್ಣ ತಪ್ಪು ನಂಬರಿನ ಸ್ಪ್ಯಾನರ್ ಹಾಕಿ ಕೈ ಕೊಯ್ದುಕೊಂಡ ಎಂದು ನಮ್ಮೂರಿನಲ್ಲಿ ಹನ್ನೆರಡು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಆ ಮಾತನ್ನು ಮೊದಲು ಆಡಿದವನು ನಾನು. ಅದು ಸುಳ್ಳು. ಆಡುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಗೊತ್ತಿತ್ತು ಎಂದು ಬರೆದ ಕೂಡಲೇ ಕೈ ನಿಲ್ಲುತ್ತದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ — ಯಾರ ನೆನಪನ್ನೂ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ಅದನ್ನೇ ಪಾಠ ಮಾಡುತ್ತಾ ತೀರ್ಥಹಳ್ಳಿ, ಹೊಸನಗರ, ಈಗ ಸಾಗರ ಎಂದು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಅಲೆದವನು. ಕಣ್ಣಾರೆ ಕಂಡೆ ಎನ್ನುವವರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವುದು ನನ್ನ ಚಟ. ಹಾಗಾಗಿ ಇಲ್ಲಿ ಖಚಿತವಿರುವುದನ್ನು ಖಚಿತವೆಂದೇ ಬರೆಯುತ್ತೇನೆ, ಇಲ್ಲದ್ದನ್ನು ಇಲ್ಲವೆಂದು. ಅನುಮಾನದ ಜಾಗದಲ್ಲಿ ನುಸುಳಿ ತಪ್ಪಿಸಿಕೊಳ್ಳುವ ಅಭ್ಯಾಸ ನನಗಿದೆ. ಈ ಸಲ ಅದನ್ನು ಮಾಡಬಾರದು.

ಹೂವಣ್ಣ ಎಂದರೆ ಹೂವಪ್ಪ. ರಿಪ್ಪನ್‌ಪೇಟೆಯಿಂದ ಐದಾರು ಮೈಲಿ ಒಳಗಿರುವ ನಮ್ಮೂರಿನಲ್ಲಿ ಅವನದು ನಮ್ಮ ಪಕ್ಕದ ಮನೆ. ನನಗಿಂತ ಎಂಟು ವರ್ಷ ದೊಡ್ಡವನು. ಅವನ ಅಪ್ಪ, ನನ್ನ ಅಪ್ಪ ಇಬ್ಬರೂ ಒಂದೇ ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿದವರು. ಆಮೇಲೆ ಗದ್ದೆ ಅವರವರ ಹೆಸರಿಗಾಯಿತು. ಊರಿನ ಐದು ಮನೆಯವರು, ಹೂವಣ್ಣನದೂ ಸೇರಿ, ಕೂಡಿ ಒಂದು ಟಿಲ್ಲರ್ ತಂದಿದ್ದರು. ಉಳುಮೆಯ ದಿನಗಳಲ್ಲಿ ಅದು ಸರದಿಯ ಮೇಲೆ ಗದ್ದೆಯಿಂದ ಗದ್ದೆಗೆ ಹೋಗುತ್ತಿತ್ತು. ಕೆಟ್ಟು ನಿಂತರೆ ಐದೂ ಮನೆಯ ಕೆಲಸ ನಿಲ್ಲುತ್ತಿತ್ತು. ಅದನ್ನು ಮತ್ತೆ ಓಡುವಂತೆ ಮಾಡುತ್ತಿದ್ದವನು ಹೂವಣ್ಣ. ಅವನು ಮೆಕ್ಯಾನಿಕ್ ಅಲ್ಲ, ಯಾವ ಗ್ಯಾರೇಜಿನಲ್ಲೂ ಕಲಿತವನಲ್ಲ. ವರ್ಷದಲ್ಲಿ ಹತ್ತೋ ಹದಿನೈದೋ ದಿನದ ರಿಪೇರಿ, ಅಷ್ಟೇ. ಆದರೆ ಕೆಸರು ಮೆತ್ತಿದ ನಟ್ಟನ್ನು ಹೆಬ್ಬೆರಳಿನಲ್ಲಿ ಸವರಿ ಅದು ಎಷ್ಟು ಮಿಲಿಮೀಟರಿನದೆಂದು ನಂಬರ್ ಹೇಳುತ್ತಿದ್ದ. ನನಗೆ ನಂಬಿಕೆಯಾಗದೆ ಒಮ್ಮೆ ಕಾಲೇಜಿನ ಲ್ಯಾಬಿನಿಂದ ಕ್ಯಾಲಿಪರ್ ತಂದು ಅಳೆದು ನೋಡಿದ್ದೆ. ಒಂದು ಸಲವೂ ತಪ್ಪಲಿಲ್ಲ. ಇದು ನನಗೆ ಖಚಿತ.

ಆಗ ಅವನ ಹತ್ತಿರ ಇದ್ದದ್ದು ಒಂದು ಹಳೆಯ ಸ್ಕ್ರೂ ಸ್ಪ್ಯಾನರ್, ಬೇಕಾದಷ್ಟಕ್ಕೆ ಬಾಯಿ ಹಿಗ್ಗಿಸಿಕೊಳ್ಳುವಂಥದ್ದು. ಅದು ಸಡಿಲವಾಗಿ ನಟ್ಟಿನ ಮೂಲೆಗಳನ್ನೆಲ್ಲ ತಿಂದುಹಾಕುತ್ತಿತ್ತು. ಒಂದು ದಿನ ಬಂದು ಕೇಳಿದ:

"ತಮ್ಮಾ, ಒಂದು ಒಳ್ಳೇ ಸೆಟ್ ತಗಳನ ಅಂತ ಮಾಡೀನಿ. ಸಾಗರಕ್ಕೆ ನೀನೂ ಬಾ. ಡಬ್ಬಿ ಮೇಲೆ ಎಂತೆಂತದೋ ಇಂಗ್ಲೀಷಲ್ಲಿ ಬರ್ದಿರ್ತಾರೆ, ನಂಗೆ ಅದೆಲ್ಲ ತಿಳಿಯಲ್ಲ."

ನಮ್ಮ ಕಡೆ ಇದೊಂದು ರೂಢಿ. ಪಂಪು ಕೊಳ್ಳುವಾಗ, ಬ್ಯಾಂಕಿಗೆ ಹೋಗುವಾಗ, ಹೆಣ್ಣು ನೋಡಲು ಹೋಗುವಾಗ ಕೂಡ, ಓದಿದವನೊಬ್ಬ ಜೊತೆಗಿರಬೇಕು. ಅವನಿಗೆ ಅದರ ಬಗ್ಗೆ ಏನಾದರೂ ಗೊತ್ತೇ ಎಂದು ಯಾರೂ ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ಅಂಗಡಿಯವನು ಎರಡು ಸೆಟ್ ಬಿಚ್ಚಿಟ್ಟ. ಒಂದು ಬೂದು ಬಣ್ಣದ್ದು, ಎಂಟೇ ಎಂಟು ಸ್ಪ್ಯಾನರ್, ದಪ್ಪ ಬಟ್ಟೆಯಲ್ಲಿ ಸುತ್ತಿದ್ದು. ಇನ್ನೊಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಇಪ್ಪತ್ತಕ್ಕೂ ಮೇಲೆ, ಮುಖ ಕಾಣುವಷ್ಟು ಹೊಳಪು. ಹೂವಣ್ಣನ ಕೈ ಬೂದು ಬಣ್ಣದ್ದಕ್ಕೆ ಹೋಯಿತು. ಒಂದನ್ನೆತ್ತಿ ಅಂಗೈಯಲ್ಲಿ ತೂಗಿದ. ಮೇಜಿನ ಮೇಲೆ ಬಿದ್ದಿದ್ದ ನಟ್ಟಿಗೆ ಅದರ ಬಾಯಿ ಹಾಕಿ ಅತ್ತಿತ್ತ ಆಡಿಸಿದ.

"ಇದು ನೋಡು, ಹಿಡ್ದಿದ್ದು ಹಿಡ್ದಂಗೇ ಇರ್ತದೆ." ಆಮೇಲೆ ಹೊಳೆಯುವ ಸೆಟ್ಟಿನದನ್ನು ಹಾಕಿ ನೋಡಿದ. "ಇದು ಸ್ವಲ್ಪ ಆಡ್ತದಪ್ಪ."

ಅವನು ಹೇಳಿದ್ದ. ಅಷ್ಟು ಸ್ಪಷ್ಟವಾಗಿ ಹೇಳಿದ್ದ. ನಾನು ಹೊಳೆಯುವ ಸ್ಪ್ಯಾನರಿನ ಹಿಡಿಯ ಮೇಲೆ ಒತ್ತಿದ್ದ ಅಕ್ಷರಗಳನ್ನು ಓದಿದೆ: ಕ್ರೋಮ್ ವೆನೇಡಿಯಂ. ಆ ಎರಡು ಪದ ಸಾಕಾಯಿತು. ಉಕ್ಕಿಗೆ ವೆನೇಡಿಯಂ ಬೆರೆಸಿದರೆ ಏನಾಗುತ್ತದೆ, ಅದು ಯಾಕೆ ಬಾಗುವುದಿಲ್ಲ, ಯಾಕೆ ಸವೆಯುವುದಿಲ್ಲ — ಅಂಗಡಿಯವನೂ ಕೆಲಸ ಬಿಟ್ಟು ಕೇಳುವಂತೆ ಪಾಠ ಮಾಡಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಸ್ಪ್ಯಾನರಿನಲ್ಲಿ ಅದು ನಿಜವಾಗಿ ಇದೆಯೇ ಎಂದು ಮಾತ್ರ ನಾನು ಕೇಳಲಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು, ಯಾರೋ ಒತ್ತಿಸಿದ ಅಕ್ಷರವನ್ನು ಅನುಮಾನಿಸಲಿಲ್ಲ.

"ಹೊಸದರಲ್ಲಿ ಹಾಗೇ ಇರ್ತದೆ ಹೂವಣ್ಣ. ಲೋಹ ಮುಖ್ಯ" ಎಂದೆ.

ಅವನು ಬೂದು ಬಣ್ಣದ್ದನ್ನು ಮೆಲ್ಲಗೆ ಕೆಳಗಿಟ್ಟ. "ಆಯ್ತು ಮಾರಾಯ. ನನ್ ಕೈಗೆ ಎಂತ ತಿಳೀತದೆ. ಓದಿದೋನು ನೀನು."

ಮುಂದಿನ ಮುಂಗಾರಿನ ಹೊತ್ತಿಗೆ ನಾನು ರಜೆಗೆ ಊರಿಗೆ ಹೋಗಿದ್ದೆ. ಟಿಲ್ಲರಿನ ಸವೆದ ಬ್ಲೇಡುಗಳನ್ನು ಬದಲಿಸುವ ದಿನ. ಐದೂ ಮನೆಯವರು ಬಂದು ನಿಂತಿದ್ದರು, ಏಕೆಂದರೆ ಮಧ್ಯಾಹ್ನದ ಮೇಲೆ ರಂಗಪ್ಪನ ಗದ್ದೆಯಿಂದ ಉಳುಮೆ ಶುರುವಾಗಬೇಕಿತ್ತು. ಹೂವಣ್ಣ ಒಂದೊಂದೇ ನಟ್ಟು ಬಿಚ್ಚುತ್ತಿದ್ದ. ನಾನು ಅವನ ಪಕ್ಕದಲ್ಲೇ ಕೂತು ಏನೋ ಮಾತಾಡುತ್ತಿದ್ದೆ. ಏನು ಎಂಬುದು ನೆನಪಿಲ್ಲ. ಒಂದು ನಟ್ಟು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅವನು ಹೆಬ್ಬೆರಳಿನಲ್ಲಿ ಸವರಿ "ಹದಿನೇಳು" ಎಂದ. ಹದಿನೇಳರ ಸ್ಪ್ಯಾನರ್ ಹಾಕಿ ಮೈ ಭಾರವನ್ನೆಲ್ಲ ಬಿಟ್ಟು ಎಳೆದ. ಸ್ಪ್ಯಾನರ್ ಜಾರಿತು. ಬಲಗೈ ನೇರ ಬ್ಲೇಡಿನ ಅಂಚಿಗೆ ಹೋಯಿತು.

ಯಾರೋ ಟವೆಲ್ ಸುತ್ತಿದರು. ಯಾರೋ ಜೀಪು ತರಲು ಓಡಿದರು. ನಾನು ಕೆಸರಿನಿಂದ ಸ್ಪ್ಯಾನರ್ ಎತ್ತಿಕೊಂಡೆ. ಹದಿನೇಳರ ಬಾಯಿ ಹಿಗ್ಗಿತ್ತು — ಕಣ್ಣಿಗೆ ಕಾಣುವಷ್ಟು, ಮೇಣದಂತೆ. ಅದು ವೆನೇಡಿಯಂ ಅಲ್ಲ, ಒಳ್ಳೆಯ ಉಕ್ಕೂ ಅಲ್ಲ. ನನಗೆ ತಕ್ಷಣ ತಿಳಿಯಿತು. ಯಾರೂ ನೋಡದಂತೆ ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಅಷ್ಟರಲ್ಲಿ ರಂಗಪ್ಪ, ಅವರಲ್ಲಿ ಹಿರಿಯ, "ಭೂತಪ್ಪಂಗೆ ಈ ವರ್ಷ ಕಾಯಿ ಒಡ್ದಿಲ್ಲ. ನಾ ಹೇಳಿದ್ನಾ ಇಲ್ವಾ?" ಎಂದ. ಉಳಿದವರು ತಲೆಯಾಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಮಾರನೆಯ ದಿನ ಒಂದು ಕಾಯಿ ಒಡೆದು ಮುಗಿಯುತ್ತಿತ್ತು. ಆದರೆ ನಾನು ವಿಚಾರವಂತನಲ್ಲವೇ —

"ಭೂತವೂ ಇಲ್ಲ, ಎಂತದೂ ಇಲ್ಲ. ನಟ್ಟು ಹದಿನೇಳು, ಹೂವಣ್ಣ ಹದಿನೆಂಟು ಹಾಕಿದಾನೆ. ನಂಬರ್ ನೋಡ್ಲಿಲ್ಲ, ಜಾರ್ತು."

ಹೂವಣ್ಣ ಟವೆಲ್ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದ. "ಹೌದಾ?" ಎಂದ. ನನ್ನನ್ನು ಪ್ರಶ್ನಿಸಿದ್ದಲ್ಲ — ತನ್ನ ಕೈ ಏನು ಮಾಡಿತು ಎಂದು ನನ್ನಿಂದ ತಿಳಿದುಕೊಳ್ಳುತ್ತಿದ್ದ.

"ಹೂಂ" ಎಂದೆ.

ಹದಿನೆಂಟರ ಸ್ಪ್ಯಾನರ್ ಆಮೇಲೆ ಟಿಲ್ಲರಿನ ಕೆಳಗೆ ಕೆಸರಿನಲ್ಲಿ ಸಿಕ್ಕಿತು, ಎಲ್ಲರೂ ನೋಡಿದರು. ಅದನ್ನು ಪೆಟ್ಟಿಗೆಯಿಂದ ತೆಗೆದು ಅಲ್ಲಿ ಹಾಕಿದವನು ನಾನೇ? ಅಥವಾ ಹೂವಣ್ಣನೇ ಬೇರೆ ಯಾವುದೋ ನಟ್ಟಿಗೆಂದು ಮೊದಲೇ ತೆಗೆದಿಟ್ಟಿದ್ದನೇ? ಇಲ್ಲಿ ನನ್ನ ನೆನಪು ಖಾಲಿ. ಎಷ್ಟೋ ಸಂಜೆ ಒಬ್ಬನೇ ಕೂತು ಆ ಕೆಲವು ನಿಮಿಷಗಳನ್ನು ತಿರುವಿ ಹಾಕಿದ್ದೇನೆ. ಒಮ್ಮೆ ನನ್ನ ಕೈ ಪೆಟ್ಟಿಗೆಯೊಳಗೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಬಹಳ ಕಾಲ ಈ ಅನುಮಾನವನ್ನೇ ಹಿಡಿದುಕೊಂಡು ಬದುಕಿದೆ: ಒಂದು ಖಚಿತವಿಲ್ಲದಿದ್ದರೆ ಉಳಿದದ್ದೂ ಖಚಿತವಿಲ್ಲ ಎಂದು. ಅದು ಮೋಸ. ಹಿಗ್ಗಿದ ಬಾಯಿ ಖಚಿತ. "ಹೂಂ" ಖಚಿತ.

ಶಿವಮೊಗ್ಗದಲ್ಲಿ ಹೊಲಿಗೆ ಹಾಕಿದರು. ಗಾಯ ಮಾಯಿತು, ಆದರೆ ಕಿರುಬೆರಳು, ಉಂಗುರದ ಬೆರಳು ಮತ್ತೆ ಮಡಚಲಿಲ್ಲ. ಅಷ್ಟಾದರೂ ಅವನು ಕೆಲಸ ಬಿಡಬೇಕಾಗಿರಲಿಲ್ಲ — ಎಡಗೈ ಇತ್ತು, ಹೆಬ್ಬೆರಳು ಇತ್ತು. ಬಿಟ್ಟದ್ದು ಬೇರೆ ಕಾರಣಕ್ಕೆ. ನಂಬರ್ ತಪ್ಪಾಗಿ ಕಂಡಿರಬೇಕೆಂದು ತೀರ್ಥಹಳ್ಳಿಗೆ ಹೋಗಿ ಕಣ್ಣು ತೋರಿಸಿದನಂತೆ; ಕಣ್ಣಿಗೇನೂ ಆಗಿಲ್ಲ ಎಂದರಂತೆ. "ಹಂಗಾರೆ ಕೈಯೇ ಸರಿ ಇಲ್ಲ" ಎಂದು ಹೇಳಿ ಸೆಟ್ಟನ್ನು ಗುಜರಿಗೆ ಹಾಕಿದ. ಊರಿನವರು ಹೆಸರಿಟ್ಟರು: ಹದಿನೆಂಟರ ಹೂವಪ್ಪ. ಸಂತೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, "ಹೂವಪ್ಪ, ಎಷ್ಟು ಒಬ್ಬಟ್ಟು ಹಾಕ್ಲಿ, ಹದಿನೇಳಾ ಹದಿನೆಂಟಾ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ನಾನು ಅದೇ ಪಂಕ್ತಿಯಲ್ಲಿ ಕೂತಿದ್ದೇನೆ.

ಚೀಲಕ್ಕೆ ಹಾಕಿಕೊಂಡ ಸ್ಪ್ಯಾನರನ್ನು ಮರುವರ್ಷ ವಿದ್ಯಾರ್ಥಿಗಳ ಜೊತೆ ಹೊನ್ನೆಮರಡುವಿಗೆ ಹೋದಾಗ ಹಿನ್ನೀರಿಗೆ ಎಸೆದೆ.

ಈಗ ನಾನು ಸಾಗರದಲ್ಲಿ ಒಬ್ಬನೇ ಇದ್ದೇನೆ. ಮದುವೆಯಾಗಲಿಲ್ಲ, ನನ್ನ ವಾದ ಕೇಳುವವರು ತರಗತಿಯ ಹೊರಗೆ ಯಾರೂ ಇಲ್ಲ. ಹಳೆಯ ಸ್ಕೂಟರಿನ ನಟ್ಟು ಬಿಗಿ ಮಾಡುವುದು, ನೀರಿನ ಮೋಟಾರು ಬಿಚ್ಚುವುದು, ಇಂಥ ಸಣ್ಣಪುಟ್ಟ ಕೆಲಸಕ್ಕೆ ಒಂದು ಸೆಟ್ ಬೇಕಾಗಿ ಕಳೆದ ತಿಂಗಳು ಅಂಗಡಿಗೆ ಹೋದೆ. ಬೇರೆ ಅಂಗಡಿ, ನಡೆಸುವವಳು ಮೂವತ್ತರ ಹೆಣ್ಣುಮಗಳು. ನಾನು ಕನ್ನಡಕ ಏರಿಸಿ ಹಿಡಿಯ ಮೇಲಿನ ಅಕ್ಷರ ಓದಲು ಹೊರಟೆ.

"ಸರ್, ಅದನ್ನ ಓದ್ಬೇಡಿ. ಅಕ್ಷರ ಯಾರ್ ಬೇಕಾದ್ರೂ ಒತ್ತಿಸ್ತಾರೆ" ಎಂದಳು. "ಆಗಾಗ ಮಾಡೋ ಕೆಲ್ಸಕ್ಕೆ ಇಪ್ಪತ್ತು ಎಂತಕ್ಕೆ? ಒಳ್ಳೇದು ಎಂಟು ಸಾಕು. ಬಿಗಿದಿರೋ ನಟ್ಟಿಗೆ ಈ ರಿಂಗ್ ಬದಿ ಹಾಕಿ, ಆರೂ ಮೂಲೆ ಹಿಡೀತದೆ. ತಗಳೋ ಮುಂಚೆ ಒಂದು ನಟ್ಟಿಗೆ ಹಾಕಿ ಅಲ್ಲಾಡ್ಸಿ ನೋಡಿ. ಕೈಗೆ ಗೊತ್ತಾಗ್ತದೆ."

ಒಂದು ನಟ್ಟು ಕೊಟ್ಟಳು. ಹಾಕಿದೆ, ಆಡಿಸಿದೆ. ನನ್ನ ಕೈಗೂ ಗೊತ್ತಾಯಿತು. ಹನ್ನೆರಡು ವರ್ಷ ಬೇಕಾಗದಷ್ಟು ಸುಲಭದ ವಿಷಯ.

ಮುಂದಿನ ಭಾನುವಾರ ರಿಪ್ಪನ್‌ಪೇಟೆಯ ಬಸ್ಸು ಹತ್ತಿದೆ. ಹೂವಣ್ಣ ಅಲ್ಲೊಂದು ಅಕ್ಕಿ ಗಿರಣಿಯಲ್ಲಿ ಗೇಟು ಕಾಯುತ್ತಾನೆ. ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ಕಂಡು "ಬಾ ತಮ್ಮಾ" ಎಂದು ಎದ್ದು ಅದನ್ನು ನನಗೆ ಕೊಟ್ಟ. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಹೂವಣ್ಣ ಕೇಳಿದ:

"ಹದಿನೇಳೇ ಹಾಕಿದ್ನಾ ನಾನು?"

"ಹದಿನೇಳೇ."

"ನಂಗೂ ಹಂಗೇ ಅನ್ಸಿತ್ತು. ನೀ ಹೇಳಿದ್ಮೇಲೆ... ನಂದೇ ತಪ್ಪು ಇರ್ಬೇಕು ಅನ್ಕಂಡೆ."

ಆಗೊಂದು ಲಾರಿ ಬಂತು. ಅವನು ಹೋಗಿ ಎಡಗೈಯಲ್ಲಿ ಗೇಟು ತೆಗೆದ, ಲಾರಿ ಒಳಗೆ ಹೋದ ಮೇಲೆ ಹಾಕಿದ, ನಿಧಾನವಾಗಿ ವಾಪಸು ಬಂದ. ಆ ನಡುವೆ ಅವನೊಳಗೆ ಏನು ನಡೆಯಿತೋ ಗೊತ್ತಿಲ್ಲ.

"ನಂಗೆ ಹೇಳಿ ಎಂತ ಆಗ್ಬೇಕು ಮೇಷ್ಟ್ರೇ? ಅವತ್ತು ಎಲ್ರ ಎದ್ರಿಗೆ ಹೇಳಿದ್ರಲ್ಲ, ಅಲ್ಲೇ ಹೋಗಿ ಹೇಳಿ."

ನನ್ನನ್ನು ಹುಟ್ಟಿದಾಗಿನಿಂದ ಕಂಡವನು ಅವನು. ಎಂದೂ ಮೇಷ್ಟ್ರೇ ಎಂದವನಲ್ಲ.

"ನೀನೂ ಬಾ ಹೂವಣ್ಣ" ಎಂದೆ.

"ನಾ ಎಂತಕ್ಕೆ ಬರ್ಲಿ. ನೀವೇ ಹೋಗಿ."

ಆಟೋ ಹಿಡಿದು ಊರಿಗೆ ಹೋದೆ. ಮೊದಲು ರಂಗಪ್ಪನ ಮನೆ. ಅವನಿಗೀಗ ಎಂಬತ್ತರ ಹತ್ತಿರ. ಕಿವಿ, ಬುದ್ಧಿ ಎರಡೂ ಚುರುಕಾಗಿವೆ. ಹೂವಣ್ಣ ಹಾಕಿದ್ದು ಸರಿಯಾದ ನಂಬರೇ, ಕೆಟ್ಟ ಸ್ಪ್ಯಾನರ್ ಆರಿಸಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದೆ. ಪೂರ್ತಿ ಕೇಳಿ ತಲೆಯಾಡಿಸಿದ.

"ಬಿಡಿ ಮೇಷ್ಟ್ರೇ. ಪಾಪ, ಹೂವಪ್ಪನ ಮರ್ಯಾದೆ ಉಳ್ಸಕ್ಕೆ ಹಿಂಗೆ ಹೇಳ್ತೀರಿ. ನಂಗೆ ತಿಳಿಯಲ್ವಾ?"

"ಇಲ್ಲ ರಂಗಪ್ಪಣ್ಣ, ನಿಜ ಹೇಳ್ತಿದೀನಿ."

"ಹಂಗಾರೆ ಆ ಸ್ಪ್ಯಾನರ್ ಎಲ್ಲಿ?"

"ನೀರಿಗೆ ಎಸ್ದೆ."

ಅವನು ನಕ್ಕು ಒಳಗೆ ಕೂಗಿದ: "ಕೇಳಿಸ್ತೇನೇ? ಬೇರೆಯವ್ರ ತಪ್ಪು ತಮ್ ತಲೆ ಮೇಲೆ ಹಾಕ್ಕಂತಾರೆ ನೋಡು. ಓದಿದೋರು ಅಂದ್ರೆ ಹಿಂಗಿರ್ಬೇಕು." ಅವನ ಹೆಂಡತಿ ಕಾಫಿ ತಂದು ಕೊಟ್ಟರು, ಎರಡು ಕೈಯಲ್ಲಿ, ದೊಡ್ಡ ಮನುಷ್ಯರಿಗೆ ಕೊಡುವ ಹಾಗೆ.

ಅಂದು ನನ್ನ ಸುಳ್ಳನ್ನು ನಂಬಿದ್ದು ನಾನು ಓದಿದವನೆಂದು. ಇಂದು ನಿಜವನ್ನು ನಂಬದಿದ್ದದ್ದೂ ಅದಕ್ಕೇ. ಇನ್ನೊಮ್ಮೆ ಹೇಳಬೇಕಿತ್ತು. ಅವರು ನಂಬುವವರೆಗೆ ಏಳಬಾರದಿತ್ತು. ಕಾಫಿ ಬಿಸಿಯಾಗಿತ್ತು, ಇಬ್ಬರೂ ನನ್ನನ್ನು ಹೊಗಳುತ್ತಿದ್ದರು, ಎಷ್ಟೋ ದಿನಗಳಿಂದ ನನ್ನನ್ನು ಯಾರೂ ಕೂರಿಸಿ ಮಾತಾಡಿಸಿರಲಿಲ್ಲ — ಕುಡಿದೆ. ಲೋಟ ಕೆಳಗಿಟ್ಟು, ನಮಸ್ಕಾರ ಹೇಳಿ ಎದ್ದು ಬಂದೆ. ಇದನ್ನೂ ಇಲ್ಲಿ ಬರೆಯಬೇಕು.

ಇನ್ನು ಮೂರು ಮನೆಗಳಿವೆ. ಅಲ್ಲಿಯೂ ನಂಬಲಿಕ್ಕಿಲ್ಲ. ಆದರೂ ಭಾನುವಾರ ಹೋಗುತ್ತೇನೆ; ಮೊದಲು ಮತ್ತೆ ರಂಗಪ್ಪನ ಮನೆಗೇ. ಈ ಸಲ ಒಳಗೆ ಹೋಗಿ ಕೂರುವುದಿಲ್ಲ. ಅಂಗಳದಲ್ಲಿ ನಿಂತೇ ಹೇಳುತ್ತೇನೆ.