ಮೊದಲ ಹಕ್ಕಿ ಎಲ್ಲವ್ವನದು

ಊರು ಬಿಟ್ಟು ದುಡಿಯಲು ಬಂದ ಉಸಗಾಂವದಲ್ಲಿ ನಾವಿದ್ದ ಲೈನ್ ಮನೆಗಳ ಹಿಂದೆ ಒಂದು ಉದ್ದನೆಯ ಗುಡ್ಡವಿತ್ತು. ನೆತ್ತಿಯಲ್ಲಿ ಕೆಂಪು ಕಲ್ಲು, ಇಳಿಜಾರಿಗೆಲ್ಲ ಗೇರುಮರ. ಅಲ್ಲಿಯ ಕೆಳಗಿನ ಸಾಲಿನ ಒಂದು ಗೇರಿನ ಬುಡದಲ್ಲಿ ನನ್ನ ಮೊದಲ ಮಗಳನ್ನು ಮಣ್ಣು ಮಾಡಿದ್ದೆವು. ಎಂಟು ತಿಂಗಳ ಕೂಸು, ಜ್ವರಕ್ಕೆ ಹೋಯಿತು. ಊರಿಗೆ ಒಯ್ಯುವಷ್ಟು ಅನುಕೂಲವಿರಲಿಲ್ಲ, ಇಲ್ಲಿಯವರ ಮಸಣದಲ್ಲಿ ಜಾಗ ಕೇಳುವ ಧೈರ್ಯವೂ ಇರಲಿಲ್ಲ. ಗೇರುತೋಟದ ಯಜಮಾನ ಒಂದು ಮೂಲೆಗೆ ಕೈ ತೋರಿಸಿದ. ಉಪ್ಪು ಹಾಕಿ ಮಣ್ಣೆಳೆದು, ನಾಯಿ ಕೆದರದಂತೆ ಕಲ್ಲು ಹೇರಿದೆವು. ಅಮಾವಾಸ್ಯೆಗೊಮ್ಮೆ ಒಂದು ಬಟ್ಟಲು ಹಾಲು ಅಲ್ಲಿಟ್ಟು ಬರುವುದು ನನಗೆ ರೂಢಿಯಾಗಿತ್ತು.

ಆ ಗುಡ್ಡವನ್ನು ಅದಿರಿಗಾಗಿ ಕಡಿಯುತ್ತಾರೆಂಬ ಸುದ್ದಿ ತಂದವರು ನನ್ನ ಗಂಡನೇ. ಅವರು ಗಣಿಯ ಟಿಪ್ಪರ್ ಓಡಿಸುತ್ತಿದ್ದರು. "ಅಳತಿ ಮಾಡಾಕ ಬಂದಿದ್ರು," ಎಂದು ಊಟಕ್ಕೆ ಕೂತಾಗ ಹೇಳಿದರು.

ನಾನು ಭಾಂಡೆ ತಿಕ್ಕುತ್ತಿದ್ದ ಮನೆಯಲ್ಲಿ ಒಬ್ಬ ಮಾಸ್ತರರಿದ್ದರು. ಬೆಳಗಾವಿ ಕಡೆ ಶಾಲೆ ಕಲಿಸಿ ನಿವೃತ್ತರಾದವರು, ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಹಕ್ಕಿ ನೋಡುವುದು ಅವರ ಹುಚ್ಚು. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿದ ಹದ್ದು, ಗಿಡುಗಗಳೆಲ್ಲ ಬೇಸಿಗೆ ಕಾಲಿಡುವಾಗ ನಮ್ಮ ಗುಡ್ಡದ ಮೇಲಿಂದಲೇ ಉತ್ತರಕ್ಕೆ ಮರಳುತ್ತವಂತೆ. ನಾನು ಗುಡ್ಡದ ಸುದ್ದಿ ಹೇಳಿಕೊಂಡಾಗ, ಇದು ಅವುಗಳ ದಾರಿ ಎಂದು ಲೆಕ್ಕ ಸಮೇತ ತೋರಿಸಿದರೆ ಗಣಿಯ ಪರವಾನಗಿ ನಿಂತರೂ ನಿಲ್ಲಬಹುದು ಎಂದರು.

"ಖಾತ್ರಿ ಹೇಳಂಗಿಲ್ಲ, ಯವ್ವಾ. ಆದ್ರ ನಮ್ಮ ಕೈಯಾಗ ಬ್ಯಾರೆ ಏನೂ ಇಲ್ಲ. ಗುಡ್ಡ ಹತ್ತಾಕ ನನ್ನ ಮೊಣಕಾಲ ಬಿಡಂಗಿಲ್ಲ."

ಕೆಲಸಕ್ಕೆ ಹೋಗುವ ನನಗೆ ಪುರುಸೊತ್ತಿರಲಿಲ್ಲ. ಅತ್ತೆಗೆ ಇತ್ತು, ಕಣ್ಣೂ ಚುರುಕಾಗಿತ್ತು. ಮಾಸ್ತರರು ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ಅವರಿಗೆ ಪಾಠ ಹೇಳಿದರು. ಇಲ್ಲೇ ಸುತ್ತಿ ಇಲ್ಲೇ ಇಳಿಯುವುದು ಈ ಊರಿನದು, ಅದನ್ನು ಬಿಡಬೇಕು. ಮೇಲೇರಿ, ರೆಕ್ಕೆ ಬಡಿಯದೆ ಉತ್ತರಕ್ಕೆ ಜಾರಿ ಹೋಗುವುದನ್ನಷ್ಟೇ ಹಿಡಿಯಬೇಕು.

ಬೆಳಿಗ್ಗೆ ಪಾವ್ ಬ್ರೆಡ್ ಮಾರುವವನ ಸೈಕಲ್ ಹೋದ ಮೇಲೆ ಅತ್ತೆ ತಲೆಗೆ ಸೆರಗು ಹೊದ್ದು ಗುಡ್ಡ ಹತ್ತುತ್ತಿದ್ದರು. ಬುಟ್ಟಿಯಲ್ಲಿ ಗೇರುಬೀಜ. ಹಕ್ಕಿಗೊಂದರಂತೆ ಬೀಜ ತೆಗೆದು ಉಡಿಗೆ ಹಾಕಿಕೊಳ್ಳುವುದು ಅವರ ಎಣಿಕೆ. ಮಧ್ಯಾಹ್ನ ನಾನು ರೊಟ್ಟಿ, ಮಜ್ಜಿಗೆ ಒಯ್ದಾಗ ಉಡಿಯ ಬೀಜ ಎಣಿಸಿ, ಇಳಿಯುತ್ತ ಮಾಸ್ತರರಿಗೆ ಹೇಳಿ ಬರುತ್ತಿದ್ದೆ. ಬಿಸಿಲು ಬಲಿತಂತೆ ಹಕ್ಕಿಗಳು ಕಣಿವೆಯಿಂದ ಏಳುವುದನ್ನು ನಾನೂ ಕಂಡಿದ್ದೇನೆ. ಕಾದ ಎಣ್ಣೆಯಲ್ಲಿ ಪೂರಿ ಏಳುವ ಹಾಗೆ, ತಮ್ಮದೇನೂ ಶ್ರಮವಿಲ್ಲದೆ ಮೇಲೆ ಬರುತ್ತಿದ್ದವು.

ನಳದ ಹತ್ತಿರ ಹೆಂಗಸರು ಬಿಡುತ್ತಿರಲಿಲ್ಲ. "ಏನವಾ, ನಿಮ್ಮತ್ತಿ ಹದ್ದಿಗೆ ಬಯಕಿ ಊಟ ಯಾವಾಗ ಹಾಕಿಸ್ತಾಳ? ನಮಗೂ ಹೇಳಿ ಕಳಸ್ರಿ!"

"ಹೇಳ್ತೇನಿ, ನೀ ಮೊದಲ ಕೊಡ ಸರಸು," ಎನ್ನುತ್ತಿದ್ದೆ.

ಲೆಕ್ಕ ಮಾತ್ರ ಏರಲಿಲ್ಲ. ಕೆಲವು ದಿನ ಉಡಿ ಖಾಲಿಯೇ ಇರುತ್ತಿತ್ತು. ಮಾಸ್ತರರಿಗೆ ತಡೆಯಲಾಗಲಿಲ್ಲ. ಒಂದು ದಿನ ಎರಡು ಕೋಲೂರಿಕೊಂಡು, ಮರಕ್ಕೊಮ್ಮೆ ಕೂತು, ಅವರೇ ಹತ್ತಿ ಬಂದರು. ಅಷ್ಟರಲ್ಲಿ ಒಂದು ಹಿಂಡು ಎದ್ದು ತಲೆಯ ಮೇಲೆ ಹಾದುಹೋಯಿತು.

"ಆಯೀ, ಐದು ಹೋದವಲ್ಲ?"

"ಹೌದ್ರಿ, ಐದು."

"ಮತ್ತ ಉಡಿಯಾಗ ನಾಲ್ಕ ಬೀಜ ಬಿದ್ದುವು?"

"ಮೊದಲನೇದು ದೇವಿ ಎಲ್ಲವ್ವಂದ್ರಿ," ಅತ್ತೆ ಸಹಜವಾಗಿ ಹೇಳಿದರು. "ರಾಶಿ ಅಳಿಯುವಾಗ ಮೊದಲ ಬೊಗಸಿ ಯಾರರ ಲೆಕ್ಕಕ್ಕ ಹಿಡಿತಾರೇನ್ರಿ? ಹಿಡಿದ್ರ ಬರ್ಕತ್ತ ಆಗಂಗಿಲ್ಲ."

ಮಾಸ್ತರರಿಗೆ ನಗು ಬಂತು, ನಕ್ಕು ನಕ್ಕು ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಮುಖದಲ್ಲಿ ನಗು ಇರಲಿಲ್ಲ.

"ಒಂಟಿ ಹಕ್ಕಿ ಹೋದ್ರ?"

"ಅದೂ ಆಕೀದ."

"ದೊಡ್ಡ ಹದ್ದೆಲ್ಲಾ ಒಂಟಿನ ಹೋಗತಾವಲ್ರೀ, ಆಯೀ."

"ಹೌದ್ರಿ, ಭಾಳ ಹೋದುವು," ಎಂದರು ಅತ್ತೆ. "ಎಲ್ಲವ್ವಗ ಭಾಳ ಕೊಟ್ಟೇನಿ."

ನಮ್ಮ ಮನೆಯಲ್ಲಿ ಜೋಳ ಅಳೆದರೂ ಹಾಗೇ, ಹಪ್ಪಳ ಎಣಿಸಿದರೂ ಹಾಗೇ. ನನಗೂ ಅದು ತಪ್ಪೆಂದು ಹೊಳೆದಿರಲಿಲ್ಲ. ಹೋದದ್ದನ್ನು ನೆನಪಿನಿಂದ ಸೇರಿಸಿ ಬರೆಯಲು ಮಾಸ್ತರರು ಒಪ್ಪಲಿಲ್ಲ. ಎಣಿಸದ್ದನ್ನು ಬರೆದರೆ ಎಣಿಸಿದ್ದನ್ನೂ ಯಾರೂ ನಂಬುವುದಿಲ್ಲ ಎಂದರು. ಆ ದಿನದಿಂದ ಮೊದಲ ಹಕ್ಕಿಗೂ ಬೀಜ ಬಿತ್ತು. ಆದರೆ ಹಕ್ಕಿಗಳ ಕಾಲ ಮುಗಿಯುತ್ತ ಬಂದಿತ್ತು. ಸಮುದ್ರದ ಕಡೆಯಿಂದ ಮೋಡ ಬಂದು ಆಕಾಶ ಮಂಕಾಯಿತು.

ಗಣಿಯ ಪರವಾನಗಿ ಕುರಿತ ವಿಚಾರಣೆಯ ಸಭೆಗೆ ಮಾಸ್ತರರೊಬ್ಬರೇ ಹೋದರು. ಸಂಜೆ ನಮ್ಮ ಅಂಗಳಕ್ಕೆ ಬಂದು ಕೂತರು, ಚಹಾ ಬೇಡವೆಂದರು.

"ಹಕ್ಕಿ ಮ್ಯಾಲ ಹಾರತಾವು, ನಾವು ಕೆಳಗ ಅಗಿತೇವಿ, ಎರಡಕ್ಕೂ ಏನ್ ಸಂಬಂಧ ಅಂದ್ರು. ಕಾಗದ ತೆರದೂ ನೋಡಲಿಲ್ಲ."

"ಲೆಕ್ಕ ಪೂರ್ತಿ ಇದ್ದಿದ್ರ?" ಅತ್ತೆ ಕೇಳಿದರು.

"ಇದ್ದಿದ್ರೂ ಇಷ್ಟರೀ, ಆಯೀ. ನಿಮ್ಮ ತಪ್ಪಲ್ಲ."

ಅತ್ತೆ ಅದನ್ನು ನಂಬಲಿಲ್ಲ. ನನಗೆ ಮಾತ್ರ ಅದು ನಿಜವೆಂದೇ ಅನಿಸಿತು. ನಂಬಿದ್ದರಿಂದ ಎದೆ ಹಗುರವೇನೂ ಆಗಲಿಲ್ಲ.

ಕೂಸನ್ನು ಬೇರೆಡೆ ಇಡೋಣವೆಂದು ಗಂಡನಿಗೆ ಹೇಳಿದೆ. "ಇಷ್ಟ್ ವರ್ಷ ಆತು. ಅಲ್ಲಿ ಏನ್ ಸಿಗತೈತಿ, ಹೇಳು?" ಎಂದರು. ಸಿಟ್ಟಿನಿಂದಲ್ಲ. ಮುಂದಿನ ಅಮಾವಾಸ್ಯೆಗೆ ಹಾಲು ಹಿಡಿದು ಹೋದಾಗ ಗುಡ್ಡದ ಬುಡಕ್ಕೆ ತಂತಿಬೇಲಿ ಬಂದಿತ್ತು. ಕಾವಲಿನವ ನಮ್ಮ ಕಡೆಯವನೇ. "ಒಳಗ ಬಿಟ್ರ ನನ್ನ ಕೆಲಸ ಹೋಗತೈತಿ, ಅಕ್ಕಾ," ಎಂದು ಕೈ ಮುಗಿದ. ಹಾಲನ್ನು ಬೇಲಿಯ ಆಚೆ ಚೆಲ್ಲಿ ಬಂದೆ.

ಮಳೆಗಾಲ ಮುಗಿದದ್ದೇ ಯಂತ್ರಗಳು ಹತ್ತಿದವು. ಗಂಡನ ಗಾಡಿಯನ್ನೂ ಆ ಗುಡ್ಡಕ್ಕೇ ಹಾಕಿದರು. ಸಂಜೆ ಅವರು ಮೈ ತೊಳೆದು ಕೂರುವುದನ್ನೇ ಅತ್ತೆ ಕಾಯುತ್ತಿದ್ದರು.

"ಎಲ್ಲಿ ಮಟಾ ಬಂತಪಾ?"

"ನೆತ್ತಿ ಹೋತು, ಯವ್ವಾ."

ಇನ್ನೊಂದು ದಿನ, "ಮ್ಯಾಲಿನ ಸಾಲಿನ ಗೇರು ಹೋದುವು."

ನಾನು ಒಲೆಯ ಮುಂದೆ ಬೆನ್ನು ಹಾಕಿ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಅತ್ತೆ ಕೇಳುವ ಮೊದಲೇ ಅವರು ಹೇಳಿದರು, "ನಾಳೆ ಕೆಳಗಿನ ಸಾಲಿಗೆ ಬರತೈತಿ, ಯವ್ವಾ. ನನ್ನ ಗಾಡಿ ಬ್ಯಾರೆ ಕಡೆ. ನಾನ ಕೇಳಿ ಹಾಕಿಸ್ಕೊಂಡೆ."

ನಾನು ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದೆ. ಮರುದಿನ ಬೆಳಗಿನಿಂದ ಟಿಪ್ಪರುಗಳು ಒಂದರ ಹಿಂದೊಂದು ಮನೆಯ ಮುಂದೆ ಹಾದುಹೋದವು. ಯಾವುದರಲ್ಲಿ ಎಲ್ಲಿಯ ಮಣ್ಣಿದೆ ಎಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ, ಎಲ್ಲಕ್ಕೂ ತಾಡಪತ್ರಿ ಹೊದಿಸಿದ್ದರು.