ಎಡಕ್ಕೆ ಹೊರಳಿದ ಹಿಡಿ

ಕುಲುಮೆ ಮುಚ್ಚಿ ಹತ್ತು ವರ್ಷವಾಗಿದ್ದರೂ ಕುಲುಮೆ ತಾತನಿಗೆ ಆ ಹೆಸರು ಬಿಟ್ಟುಹೋಗಿರಲಿಲ್ಲ, ಜಂಬವೂ ಅಷ್ಟೇ. ಅಂಗಡಿಯ ಯಾವ ಚಾಕು ಕೈಗೆ ಕೊಟ್ಟರೂ “ಇದಕ್ಕಿಂತ ನಮ್ಮನೆ ಸೌಟೇ ವಾಸಿ” ಎಂದು ಮೂಗು ಮುರಿಯುತ್ತಿದ್ದ.

ಒಂದು ಮಧ್ಯಾಹ್ನ ಮೊಮ್ಮಗಳು ಫೋನು ತಂದು ಅವನ ಮುಖಕ್ಕೆ ಹಿಡಿದಳು. ಅವಳಾಡುವ ಗೇಮಿನಲ್ಲಿ ಒಬ್ಬ ರಾಕ್ಷಸನ ಕೈಯಲ್ಲಿ ವಿಚಿತ್ರ ಆಯುಧ: ಅರ್ಧಚಂದ್ರದಂಥ ಅಲಗು, ಅದರ ಬೆನ್ನಿಗೊಂದು ಪುಟ್ಟ ಕೊಕ್ಕೆ, ಪಕ್ಕಕ್ಕೆ ಹೊರಳಿದ ಹಿಡಿ.

“ತಾತ, ಇಂಥದ್ದು ಹಿಂದೆ ನಿಜವಾಗ್ಲೂ ಇತ್ತಾ? ಇರ್ಲೇ ಇಲ್ಲ ಅಂತ ಫ್ರೆಂಡ್ಸೆಲ್ಲ ವಾದ ಮಾಡ್ತಿದಾರೆ. ಬಲಗೈಲಿ ಹಿಡಿಯೋಕೇ ಆಗಲ್ವಂತೆ. ಯಾವ ಕಮ್ಮಾರ ಹೀಗೆ ಮಾಡ್ತಾನೆ ಅಂತಾರೆ.”

ತಾತ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡ.

“ಆಯುಧವೂ ಇಲ್ಲ, ಮಣ್ಣೂ ಇಲ್ಲ. ಇದು ನಿಮ್ಮಜ್ಜಿ ಚರ್ಮ ಕೊಯ್ತಿದ್ದ ಕತ್ತಿ. ಮಾಡಿದ ಕಮ್ಮಾರ ನಾನೇ!”

ಅಜ್ಜಿ ತೀರಿಕೊಂಡ ಮೇಲೆ ಅವಳ ಸಾಮಾನನ್ನೆಲ್ಲ ಮಗಳು ಮ್ಯೂಸಿಯಂಗೆ ಕೊಟ್ಟಿದ್ದಳು. ಮೊಮ್ಮಗಳು ಹುಡುಕಿದಾಗ ಅಲ್ಲಿನ ಫೋಟೋ ಸಿಕ್ಕಿತು. ಗೇಮಿನವರು ಅದನ್ನೇ ನೋಡಿ ಆಯುಧದ ಚಿತ್ರ ಬರೆದಿದ್ದರು. ಅಲಗಿನ ಮೇಲೆ ತಾತ ಹೊಡೆದಿದ್ದ ಮೂರು ಚುಕ್ಕೆಯ ಗುರುತನ್ನೂ ಬಿಟ್ಟಿರಲಿಲ್ಲ.

ತಾತನಿಗೆ ಈಗ ಒಂದೇ ಹಟ. ತನ್ನ ಕೆಲಸದಲ್ಲಿ ತಪ್ಪಿಲ್ಲವೆಂದು ಮೊಮ್ಮಗಳ ಫ್ರೆಂಡ್ಸಿಗೆ ತೋರಿಸಬೇಕು. ಮದುವೆಯಾದ ವರ್ಷ ಹೆಂಡತಿಯ ಹಳೆಯ ಕತ್ತಿ ಮುರಿದಿತ್ತು. ಅವಳು ಮುರುಕು ಹಿಡಿಯನ್ನೇ ಹಿಡಿದು ತೋರಿಸಿದಳು. ಇವನು ಎದುರಿಗೆ ಕೂತು, ಕಂಡ ತಿರುವನ್ನು ಕಂಡಂತೆಯೇ ಇದ್ದಿಲಿನಲ್ಲಿ ಬರೆದುಕೊಂಡ. ಹಿಡಿಗಿಂತ ಅವಳ ಮುಖವನ್ನೇ ಹೆಚ್ಚು ನೋಡಿದ್ದ ಎನ್ನುವುದು ಬೇರೆ ಮಾತು. ಎಂಥ ದಿನಗಳು ಅವು! ಸಂಜೆ ಕುಲುಮೆಯಿಂದ ಬಂದರೆ ಮನೆತುಂಬ ಚರ್ಮದ, ಮೇಣದ ವಾಸನೆ. ಚೀಲಕ್ಕೆ ಪಟ್ಟಿ ಕೊಯ್ಯುತ್ತಿದ್ದವಳು ತಲೆಯೆತ್ತದೆಯೇ “ಮೊದ್ಲು ಕೈ ತೊಳ್ಕೊಳ್ಳಿ” ಎನ್ನುತ್ತಿದ್ದಳು. ಆ ಗದರಿಕೆ ಕೇಳಲೆಂದೇ ಅವನು ಎಷ್ಟೋ ಸಲ ಕೈ ತೊಳೆಯದೆ ಬರುತ್ತಿದ್ದ.

“ಬಲಗೈ ಯಾಕೆ ಬೇಕು? ಚರ್ಮದ ಕೆಲ್ಸದೋರು ಎಡಗೈಲೇ ಕೊಯ್ಯೋದು. ಮೂವತ್ತು ವರ್ಷ ಕಣ್ಣಾರೆ ನೋಡಿದೀನಿ” ಎಂದ ತಾತ.

ಬಟ್ಟೆ ಮಡಿಸುತ್ತಿದ್ದ ಮಗಳ ಕೈ ನಿಂತಿತು.

“ಅಪ್ಪಾ, ಯಾರೂ ಹಾಗೆ ಕೊಯ್ಯಲ್ಲ. ಹಿಡಿ ಬರ್ಕೊಳ್ಳೋವಾಗ ನೀನು ಎದುರಿಗೆ ಕೂತಿದ್ದೆಯಲ್ಲ, ಅಮ್ಮನ ಬಲ ನಿನಗೆ ಎಡವಾಗಿ ಕಂಡಿದೆ. ಹಿಡಿ ಉಲ್ಟಾ ಬಂತು. ಎಡಗೈ ಪಳಗಿಸೋಕೆ ಅವಳಿಗೆ ಒಂದು ವರ್ಷ ಹಿಡೀತಂತೆ.”

“ನನಗೆ ಹೇಳ್ಲೇ ಇಲ್ವಲ್ಲ!”

“ಅವಳಿಗೇ ಅಂತ ನೀನು ಮಾಡಿಕೊಟ್ಟ ಮೊದಲ್ನೇ ವಸ್ತು. ಬೀದಿಗೆಲ್ಲ ತೋರಿಸ್ಕೊಂಡು ಬಂದಿದ್ದೆಯಂತೆ. ಹೇಳೋಕೆ ಮನಸ್ಸೇ ಬರ್ಲಿಲ್ಲಂತೆ. ನನ್ನ ಹತ್ರಾನೂ ಆಣೆ ಮಾಡಿಸ್ಕೊಂಡಿದ್ಲು.”

ತಾತನಿಗೆ ದುಃಖ ಒತ್ತರಿಸಿ ಬಂತು. ಮುಚ್ಚಿಡಲು ಹೋಗಲಿಲ್ಲ.

“ಅರ್ಧ ದಿನದ ಕೆಲ್ಸ ಕಣಮ್ಮಾ. ಒಂದು ಮಾತು ಹೇಳಿದ್ರೆ ತಿದ್ದಿಕೊಡ್ತಿದ್ದೆ.”

ಮೊಮ್ಮಗಳು ಮೆಲ್ಲಗೆ ಕೇಳಿದಳು. “ತಾತ, ಫ್ರೆಂಡ್ಸಿಗೆ ಏನಂತ ಬರೀಲಿ?”

“ಇತ್ತು ಅಂತ ಬರಿ. ಮಾಡಿದೋನು ತಪ್ಪು ಮಾಡಿದ್ದ ಅಂತಾನೂ ಬರಿ.” ತಾತ ಕಣ್ಣೊರೆಸಿಕೊಂಡ. “ಅವಳು ಅದನ್ನ ಒಂದು ದಿನಾನೂ ತೋರಗೊಡ್ಲಿಲ್ಲ ಅನ್ನೋದು ಮಾತ್ರ ಬೇಡ. ಅದು ನನಗಿರ್ಲಿ.”