ಪಂಕ್ಚರ್ ಅಂಗಡಿಯ ಅಮೋಘಸಿದ್ದ ಮತ್ತು ವಿಹಾರದ ಕೀಲಿಕೈ

ಅಮೋಘಸಿದ್ದನನ್ನು ನಾನು ಮೊದಲು ಕಂಡದ್ದು ೧೯೮೭ರಲ್ಲಿ, ನೆಲೋಗಿ ಕ್ರಾಸಿನಲ್ಲಿ ಜೇವರ್ಗಿಯ ಬಸ್ಸಿಗೆ ಕಾಯುತ್ತ ನಿಂತಾಗ. ತನ್ನ ಸೈಕಲ್ ಪಂಕ್ಚರ್ ಅಂಗಡಿಯಿಂದ ಇಮಾಮಸಾಬನ ಚಹಾದಂಗಡಿಯವರೆಗೆ ಇಪ್ಪತ್ತು ಹೆಜ್ಜೆ ನಡೆದು, ಮತ್ತೆ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಬರುತ್ತಿದ್ದ. ಕಣ್ಣು ನೆಲದ ಮೇಲೆ. ಪಾಪ, ಏನೋ ಕಳೆದುಕೊಂಡಿದ್ದಾನೆ ಅಂದುಕೊಂಡೆ. ನಾನು ಹೈಸ್ಕೂಲ್ ಮಾಸ್ತರ. ಕೇಳದೆಯೇ ಸಹಾಯ ಮಾಡುವುದು ನಮ್ಮ ವೃತ್ತಿಧರ್ಮ. ಪ್ಯಾಂಟು ಮಡಚಿ, ಅವನ ಹಿಂದೆಯೇ ಬಗ್ಗಿ ಹುಡುಕತೊಡಗಿದೆ. ನನ್ನನ್ನು ನೋಡಿ ಮತ್ತಿಬ್ಬರು ಬಗ್ಗಿದರು.

"ಉಂಗುರಂತ" ಅಂದ ಒಬ್ಬ.

"ಬಂಗಾರದ್ದಂತ" ಅಂದ ಇನ್ನೊಬ್ಬ.

ಅಷ್ಟರಲ್ಲಿ ಬಸ್ಸು ಬಂದು ಹೋಯಿತು. ಆಗ ಅಮೋಘಸಿದ್ದ ತಿರುಗಿ ನೋಡಿದ. "ನಾ ಏನೂ ಕಳಕೊಂಡಿಲ್ರಿ ಸರ. ನೀವೆಲ್ಲಾ ಏನ್ ಹುಡುಕಾಕತ್ತೀರಿ?"

ಇಮಾಮಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಸ್ತರ, ಅಂವ ನಡಕೋತ ಧ್ಯಾನ ಮಾಡಾಕತ್ತಾನ್ರಿ. ಮನ್ನಿ ಒಬ್ಬ ಪೊಲೀಸನೂ ಹುಡುಕಿ ಹೋಗ್ಯಾನ. ಬರ್ರಿ, ಚಾ ಕುಡೀರಿ."

ಅಮೋಘಸಿದ್ದನ ಅಪ್ಪ ಸೊಲ್ಲಾಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದವನು. ಹೀಗಾಗಿ ತ್ರಿಸರಣ, ಪಂಚಶೀಲ ಮಗನಿಗೆ ಹಾಲಿನ ಜೊತೆಗೇ ಬಂದಿದ್ದವು. ನಾಸಿಕದ ಕಡೆಯ ಶಿಬಿರವೊಂದರಲ್ಲಿ ಹತ್ತು ದಿನ ಮಾತಿಲ್ಲದೆ ಕುಳಿತು ಉಸಿರು ನೋಡುವುದನ್ನು ಕಲಿತ. ವಾಪಸು ಬರುವಾಗ ಫುಟ್‌ಪಾತಿನಲ್ಲಿ ಹೊಸ ಕಾಲದ ಯಾರೋ ಚಿಂತಕರ ಮಾತಿನ ಕ್ಯಾಸೆಟ್ಟು ಕೊಂಡ. ಯಾವ ಗುರುವಿನ ಹಿಂದೆಯೂ ಹೋಗಬೇಡ, ನಿನ್ನ ಮನಸ್ಸನ್ನು ನೀನೇ ನೋಡು ಎಂದು ಕ್ಯಾಸೆಟ್ಟು ಹೇಳುತ್ತಿತ್ತು. ಊರ ವಿಹಾರದ ಕೀಲಿಕೈ ಅಮೋಘಸಿದ್ದನ ಉಡದಾರದಲ್ಲಿ ಇರುತ್ತಿತ್ತು. ಪ್ರತಿ ರವಿವಾರ ಆ ತಗಡಿನ ಕೋಣೆಯಲ್ಲಿ ಮೊದಲು ವಂದನೆ, ಆಮೇಲೆ ಕ್ಯಾಸೆಟ್ಟು, ಆಮೇಲೆ ಯಾರು ಏನು ಬೇಕಾದರೂ ಕೇಳಬಹುದಾದ ಪ್ರಶ್ನೆಗಳು. ಕೇಳುವವನು ಹೆಚ್ಚಾಗಿ ನಾನೇ. ಪ್ರಶ್ನೆ ಉದ್ದವಾದಷ್ಟೂ ಕೇಳಿದವನ ಯೋಗ್ಯತೆ ಹೆಚ್ಚು ಎಂದು ಆಗ ನಂಬಿದ್ದೆ.

ವಿಹಾರ ಕಮಿಟಿಯಲ್ಲಿ ದೊಡ್ಡಪ್ಪ ಎಂಬ ಹೆಸರಿನ ಹಿರಿಯನಿದ್ದ; ಅವನಿಗೆ ಇದು ಸರಿ ಬರಲಿಲ್ಲ. ತಗಡು ಹೊತ್ತು ಆ ಕೋಣೆ ಕಟ್ಟಿಸಿದವನೇ ಅವನು.

"ಲೇ ಅಮೋಘ್ಯಾ, ಬಾಬಾಸಾಹೇಬರು ಬುದ್ಧನ್ನ ಕೊಟ್ಟು ಹೋಗ್ಯಾರ. ನಡುವ ಈ ಟೇಪಿನ ಡಬ್ಬಿ ಯಾಕಲೇ? ಯಾರನ್ನೂ ನಂಬಬ್ಯಾಡ ಅಂತೈತಿ. ಹಂಗಾದ್ರ ಬುದ್ಧನ್ನೂ ಬಿಡಬೇಕೇನು?"

"ಕಾಕಾ, ಬುದ್ಧನೂ ಅದನ್ನಾ ಹೇಳ್ಯಾನ. ಬಾ, ನೋಡು, ಆಮ್ಯಾಲ ಒಪ್ಪಕೋ ಅಂತ."

"ಆತು. ಬುದ್ಧ ಪೂರ್ಣಿಮಾ ದಿನ ಎಲ್ಲಾರ ಮುಂದ ತೋರ್ಸು. ತಿಳೀಲಿಲ್ಲಂದ್ರ ಕೀಲಿಕೈ ಇಲ್ಲಿಡು."

ಅಪ್ಪ ಸತ್ತಾಗಲೂ ಆ ಕೀಲಿಕೈಯನ್ನು ಸೊಂಟದಿಂದ ಬಿಚ್ಚಿರಲಿಲ್ಲ ಅಮೋಘಸಿದ್ದ.

ಹುಣ್ಣಿಮೆಯ ಬೆಳಗ್ಗೆ ಬಿಳಿ ಸೀರೆ, ಬಿಳಿ ಅಂಗಿಗಳಿಂದ ವಿಹಾರ ತುಂಬಿತು. ದೊಡ್ಡಪ್ಪ ಮಾತ್ರ ಬೆವರು ಸುರಿಸುತ್ತ, ಸೈಕಲ್ ನೂಕುತ್ತ ಬಂದ. ತಿಂಗಳಿಂದ ಅದರ ಹಿಂದಿನ ಗಾಲಿಯ ಗಾಳಿ ಎಲ್ಲಿ ಹೋಗುತ್ತದೆಂದು ಯಾರಿಗೂ ಗೊತ್ತಾಗಿರಲಿಲ್ಲ. ವಂದನೆ ಮುಗಿಯಿತು. ಅಮೋಘಸಿದ್ದ ಟೇಪ್‌ರೆಕಾರ್ಡರ್ ಹಚ್ಚಿದ. ಹೊಸ ಕಾಲದ ತತ್ವಜ್ಞಾನ ಎರಡು ವಾಕ್ಯ ನುಡಿದು, ಎಮ್ಮೆಯಂತೆ ಒದರಿ, ರೀಲನ್ನು ನುಂಗಿತು. ವಿವರಿಸಲು ನಾನು ಎದ್ದೆ. "ಕೂಡ್ರಿ ಸರ" ಎಂದು ಹಿಂದೆ ಕುಳಿತಿದ್ದ ಊರಿನ ಹೆಂಗಸು ನಿಂಬೆವ್ವ ನನ್ನ ಅಂಗಿ ಜಗ್ಗಿದಳು.

"ಇಡು ಕೀಲಿಕೈ" ಅಂದ ದೊಡ್ಡಪ್ಪ.

ಅಮೋಘಸಿದ್ದನ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. "ಕಾಕಾ, ನಿಮ್ಮ ಸೈಕಲ್ ತರ್ತೇನಿ. ನಿಂಬೆವ್ವಾ, ಒಂದು ಬೋಗುಣಿ ನೀರು ತಾ ಬೇ."

ಬುದ್ಧನ ಮುಂದೆಯೇ ಟ್ಯೂಬು ಬಿಚ್ಚಿದ. ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದ. "ಎಲ್ಲಾರೂ ನೋಡ್ರಿ. ಯಾರೂ ಬೋಗುಣಿ ಅಲ್ಲಾಡಿಸಬ್ಯಾಡ್ರಿ. ಗುಳ್ಳಿ ಬರ್ಲಿ ಅನ್ನಬ್ಯಾಡ್ರಿ, ಬರಬಾರ್ದು ಅಂತನೂ ಅನ್ನಬ್ಯಾಡ್ರಿ. ಸುಮ್ಮ ನೋಡ್ರಿ."

ಅರವತ್ತು ಜನ ಬೋಗುಣಿಯ ಸುತ್ತ ಬಗ್ಗಿದರು. ನೀರು ನಿಂತಿತು. ಕೂಸುಗಳು ಅಳು ನಿಲ್ಲಿಸಿದವು. ನನ್ನ ತಲೆಯಲ್ಲಿ ಸದಾ ನಡೆಯುವ ಭಾಷಣವೂ ಅಂದು ನಿಂತಿತು; ಸಭಿಕನಾದ ನನಗೇ ಆಶ್ಚರ್ಯ. ಐದು ನಿಮಿಷವೋ, ಹತ್ತೋ. ಟ್ಯೂಬು ತುಸು ತಿರುಗಿತು, ಮತ್ತೆ ತುಸು. ಆಮೇಲೆ ಸಾಸಿವೆ ಕಾಳಿನಷ್ಟು ಒಂದೇ ಒಂದು ಗುಳ್ಳೆ ವಾಲ್ವಿನ ಬುಡದಿಂದ ಮೇಲೆದ್ದಿತು.

"ಬಂತು! ಬಂತಲೇ! ಅಲ್ಲೈತಿ ನೋಡು!" ಎಲ್ಲರಿಗಿಂತ ಮೊದಲು ಕೂಗಿದವನು ದೊಡ್ಡಪ್ಪ. ಎಪ್ಪತ್ತರ ಮುದುಕ ಕೂತಲ್ಲೇ ಕುಣಿದ. ವಿಹಾರವೆಲ್ಲ ಚಪ್ಪಾಳೆ. ಇಮಾಮಸಾಬ ಚಹಾದ ಕಿಟ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ಸಿಳ್ಳೆ ಹಾಕಿದ.

"ಇಷ್ಟಾರಿ ಕಾಕಾ. ಉಸಿರು ನೋಡೋದೂ ಹಿಂಗಾ. ಡಬ್ಬಿ ಹೇಳೂದೂ ಇದನ್ನಾ. ಎಲ್ಲಿಂದ ಸೋರಾಕತ್ತೈತಿ ಅಂತ ನಿಮ್ಮ ಕಣ್ಣಿಗೇ ಕಾಣಬೇಕು, ನಾ ಹೇಳಿದ್ರ ನಡಿಯಂಗಿಲ್ಲ."

ದೊಡ್ಡಪ್ಪ ನೀರಿಗೆ ಕೈ ಹಾಕಿ ವಾಲ್ವಿನ ಬುಡಕ್ಕೆ ತಾನೇ ಬೆರಳಿಟ್ಟ. "ಕೀಲಿಕೈ ನಿನ್ನ ಹಂತ್ಯಾಕೇ ಇರ್ಲಿ" ಅಂದ. "ಡಬ್ಬಿ ರಿಪೇರಿ ಮಾಡಿಸು. ಮೊದಲ ಇದಕ್ಕ ಪ್ಯಾಚ್ ಹಚ್ಚು."

ಮುಂದಿನ ರವಿವಾರದಿಂದ ಪ್ರತಿ ಕೂಟದಲ್ಲೂ ಬೋಗುಣಿ ಬುದ್ಧನ ಮುಂದೆ ಬಂದು ಕುಳಿತಿತು. ಹುರುಪಿನಲ್ಲಿ ನಾನು ನಲವತ್ತು ಪುಟದ ಪ್ರಬಂಧಕ್ಕೆ ಕೈ ಹಾಕಿದೆ. ಒಂದೇ ಒಂದು ಕಡೆ ಪೆನ್ನು ನಿಂತುಬಿಟ್ಟಿತು. ನೇರ ಕ್ರಾಸಿಗೆ ಹೋಗಿ, ನನ್ನ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದ ಅಮೋಘಸಿದ್ದನನ್ನು ಕೇಳಿದೆ: "ಖರೇ ಹೇಳು, ನಿನ್ನ ಧ್ಯಾನದಾಗ ಹಳೇ ಬುದ್ಧನ ಪಾಲು ಎಷ್ಟು, ಹೊಸ ತತ್ವದ ಪಾಲು ಎಷ್ಟು?"

ಅವನು ಪಂಪು ನಿಲ್ಲಿಸಲಿಲ್ಲ. "ಸೈಕಲ್ಲಿನ ಯಾವ ಗಾಲಿ ಜೇವರ್ಗಿಗೆ ಒಯ್ತದ್ರಿ ಸರ? ಗಾಳಿ ತುಂಬೇತಿ, ಹತ್ತಿ ಹೋಗ್ರಿ ಸುಮ್ಮ."